ನರಕೋಶ ಎರಡಾಗುವುದೇ ಇಲ್ಲ, ಮತ್ತೆ ಕೀಮೋದಿಂದ ಪಾದ ಜೋಮು ಹಿಡಿಯುವುದೇಕೆ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಹಾಕುತ್ತಿದ್ದಾರೆ. ಜೀವಕೋಶಗಳ ವಿಭಜನೆ ತಡೆಯುವ ಔಷಧ ಅಂತೆ, ಹಾಗಾಗಿ ಕೂದಲು ಉದುರಿದ್ದು ಅರ್ಥವಾಯಿತು. ಆದರೆ ಪಾದಗಳೂ ಜೋಮು ಹಿಡಿದಿವೆ. ನರಕೋಶ ವಿಭಜನೆಯಾಗುವುದೇ ಇಲ್ಲವಲ್ಲ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಈ ಔಷಧಕ್ಕೆ ಕ್ಯಾನ್ಸರ್ ಕೋಶದ ಗುರುತೇ ಇಲ್ಲ. ಅದು ಹಿಡಿಯುವುದು ಟ್ಯುಬುಲಿನ್ ಎಂಬ ಪ್ರೋಟೀನನ್ನು.

ಆಲ್ಫಾ, ಬೀಟಾ ಎಂಬ ಎರಡು ಟ್ಯುಬುಲಿನ್ ಜೋಡಿಯಾದರೆ 8 ನ್ಯಾನೋಮೀಟರ್ ಉದ್ದದ ಒಂದು ಇಟ್ಟಿಗೆ. ಇಂಥ ಇಟ್ಟಿಗೆಗಳ ಸಾಮಾನ್ಯವಾಗಿ 13 ಸಾಲು ಸೇರಿ 25 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆಯಾಗುತ್ತದೆ. ಅದೇ ಮೈಕ್ರೋಟ್ಯೂಬ್ಯೂಲ್. ತುದಿಗೆ ಇಟ್ಟಿಗೆ ಸೇರಿದಂತೆ ಬೆಳೆಯುತ್ತದೆ, ಮರುಗಳಿಗೆಯೇ ಕಳಚಿಕೊಂಡು ಕುಗ್ಗುತ್ತದೆ. ಕೋಶ ಎರಡಾಗುವಾಗ ಹೀಗೆ ಬೆಳೆದು ಕುಗ್ಗಿ ತಡಕಾಡಿಯೇ ಅದು ವಂಶವಾಹಿ ಹೊತ್ತ ಕ್ರೋಮೋಸೋಮ್‌ಗಳನ್ನು ಹಿಡಿದು ಎರಡೂ ಬದಿಗೆ ಎಳೆಯುವುದು. ಪ್ಯಾಕ್ಲಿಟ್ಯಾಕ್ಸೆಲ್ ಕೊಳವೆಯ ಒಳಮೈಯಲ್ಲಿ ಬೀಟಾ ಟ್ಯುಬುಲಿನ್‌ಗೆ ಅಂಟಿ, ಇಟ್ಟಿಗೆ ಕಳಚದಂತೆ ಬಿಗಿದುಬಿಡುತ್ತದೆ. 1979ರಲ್ಲಿ ಇದನ್ನು ತೋರಿಸಿದ್ದು ವಿಜ್ಞಾನಿ ಸೂಸನ್ ಹಾರ್ವಿಟ್ಜ್ ತಂಡ. ಕ್ರೋಮೋಸೋಮ್ ಹಂಚಿಕೆ ಕೆಟ್ಟು ಕೋಶ ಸಾಯುತ್ತದೆ.

ನಮ್ಮ ಅಂಗಳದ ನಿತ್ಯಪುಷ್ಪದಲ್ಲಿರುವ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಕೀಮೋ ಔಷಧ ಇದಕ್ಕೆ ತದ್ವಿರುದ್ಧ, ಕೊಳವೆ ಕಟ್ಟಲೇ ಬಿಡುವುದಿಲ್ಲ. (ಹಾಗೆಂದು ಆ ಗಿಡದ ಕಷಾಯ ಖಂಡಿತ ಬೇಡ. ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ ಒಮ್ಮೆಗೆ 2 ಮಿಲಿಗ್ರಾಂ ದಾಟಿಸದ, ರಕ್ತನಾಳಕ್ಕೆ ಮಾತ್ರ ಕೊಡುವ ಔಷಧ.)

ಇನ್ನು ನರ. ಬೆನ್ನುಹುರಿಯ ಪಕ್ಕದಲ್ಲಿರುವ ನರಕೋಶದಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದದ ಎಳೆ ಹೋಗುತ್ತದೆ. ಅದರೊಳಗೆ ಪ್ರೋಟೀನು, ಮೈಟೋಕಾಂಡ್ರಿಯ ಎಲ್ಲ ಸಾಗುವ ಹಳಿ ಇದೇ ಕೊಳವೆ. ಕೊಳವೆ ಬಿಗಿದಾಗ ಸಾಗಾಟ ಕುಂಠಿತವಾಗುತ್ತದೆ, ದೂರದ ತುದಿ ಮೊದಲು ಸೊರಗುತ್ತದೆ. ಆದ್ದರಿಂದಲೇ ಎರಡೂ ಪಾದ ಒಟ್ಟಿಗೆ, ಕಾಲುಚೀಲ ಹಾಕಿದಷ್ಟು ಜಾಗ, ಆಮೇಲೆ ಕೈಬೆರಳು.

ವಿಭಜನೆಯಲ್ಲಿ ಮಾತ್ರ ದುಡಿಯುವ ಪ್ರೋಟೀನನ್ನೇ ಹಿಡಿಯಬಾರದೇ? ಇಜಿ5, ಅರೋರಾ ಕೈನೇಸ್ ಎಂಬ ಅಂಥ ಪ್ರೋಟೀನುಗಳ ಮೇಲೆ ಆ ಪ್ರಯತ್ನ ನಡೆದಿದೆ. ನರ ಬಹುಮಟ್ಟಿಗೆ ಉಳಿಯಿತು, ಗಡ್ಡೆ ಮಾತ್ರ ನಿರೀಕ್ಷೆಯಷ್ಟು ಕರಗಲಿಲ್ಲ.

ಜೋಮು ಡೋಸ್‌ನಿಂದ ಡೋಸ್‌ಗೆ ಕೂಡುತ್ತ ಹೋಗುತ್ತದೆ. ರವಿಕೆಯ ಹುಕ್ಕು ಹಾಕಲು ತಡವರಿಸಿದರೆ, ಚಪ್ಪಲಿ ಕಳಚಿದ್ದು ಗೊತ್ತಾಗದಿದ್ದರೆ, ಮುಂದಿನ ಡ್ರಿಪ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಡೋಸ್ ಇಳಿಸಬಹುದು, ಔಷಧ ಬದಲಿಸಬಹುದು. ಉರಿನೋವಿಗೆ ಡುಲೋಕ್ಸೆಟಿನ್ ಎಂಬ ಔಷಧ ಬರೆದುಕೊಡುವುದುಂಟು. ಅಂಗಡಿಯಲ್ಲಿ ‘ನರದ ಮಾತ್ರೆ’ ಕೇಳಿ ತರಬೇಡಿ. ಅಂಥ ಕೆಲವು ಮಾತ್ರೆಗಳಲ್ಲಿರುವ ಅಸಿಟೈಲ್ ಎಲ್ ಕಾರ್ನಿಟಿನ್ ಅನ್ನು ದಿನಕ್ಕೆ 3 ಗ್ರಾಂನಂತೆ ಇದೇ ವರ್ಗದ ಕೀಮೋ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಜೋಮು ಹೆಚ್ಚಾಯಿತು. ಸ್ನಾನದ ನೀರಿನ ಬಿಸಿಯನ್ನು ಅಮ್ಮ ಕಾಲಿಟ್ಟು ನೋಡುವುದು ಬೇಡ, ಬೇರೆಯವರು ಮೊಣಕೈ ಅದ್ದಿ ನೋಡಲಿ.