ರೋಬೋಟ್ ತಾನಾಗೇ ಆಪರೇಷನ್ ಮಾಡಲ್ಲ ಕಣ್ರೀ

ನಮ್ ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಯಾರನ್ನಾದ್ರೂ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿರೋ ಗ್ರಂಥಿ) ಕ್ಯಾನ್ಸರ್ ಅಂತ ಬೆಂಗ್ಳೂರಿಗೆ ಕರ್ಕೊಂಡ್ ಹೋದಾಗ, ಅಲ್ಲಿ "ರೋಬೋಟಿಕ್ ಮಾಡಿಸ್ತೀರಾ" ಅಂತ ಕೇಳಿದ್ರೆ ಸಾಕು, ಮನೆಯವ್ರೆಲ್ಲ ಎರಡು ಪಾರ್ಟಿ ಆಗ್ಬಿಡ್ತಾರೆ. ಒಂದು ಕಡೆಯೋರು "ಅಯ್ಯೋ ಮೆಷಿನ್ ಕೈಗೆ ಜೀವ ಕೊಡ್ತೀರಾ" ಅಂತಾರೆ, ಇನ್ನೊಂದು ಕಡೆಯೋರು "ಮೆಷಿನ್ ತಪ್ಪು ಮಾಡಲ್ಲ, ದುಡ್ಡು ಹೋದ್ರೆ ಹೋಗ್ಲಿ" ಅಂತಾರೆ. ಇಬ್ರೂ ಅಂದ್ಕೊಂಡಿರೋದು ತಪ್ಪೇ.

ಆ ಮೆಷಿನ್ನು ತಾನಾಗೇ ಒಂದು ಹೊಲಿಗೇನೂ ಹಾಕಲ್ಲ. ಸರ್ಜನ್ನು ಅದೇ ಓಟಿಯೊಳಗೆ ಒಂದ್ ಕಡೆ ಕನ್ಸೋಲ್ ಅನ್ನೋ ನಿಯಂತ್ರಣ ಮೇಜಿನ ಮುಂದೆ ಕೂತು, ಹಣೆ ಒತ್ತಿಟ್ಟು ಒಳಗಿನ ತ್ರೀಡಿ ಚಿತ್ರ ನೋಡ್ತಾ, ಬೆರಳಿಗೆ ಪಟ್ಟಿ ಸಿಕ್ಕಿಸ್ಕೊಂಡು, ಕಾಲಲ್ಲಿ ಪೆಡಲ್ ಒತ್ತುತ್ತಾ ಇರ್ತಾರೆ, ಅವ್ರ ಕೈ ಆಡಿದಂಗೆ ಪೇಷಂಟ್ ಹೊಟ್ಟೆಯೊಳಗಿರೋ ಮೆಷಿನ್ ಕೈಗಳು ಆಡ್ತವೆ. ಹೆಚ್ಚು ಬಳಕೆಯಲ್ಲಿರೋ ಡಾ ವಿಂಚಿ ಮೆಷಿನ್‌ನಲ್ಲಂತೂ ಡಾಕ್ಟ್ರು ತಲೆ ಆಚೆ ತೆಗೆದ್ರೆ ಒಳಗಿರೋ ಕೈಗಳು ಇದ್ದಲ್ಲೇ ನಿಂತ್ಬಿಡ್ತವೆ.

ಹಾಗಾದ್ರೆ ಲಾಭ ಎಲ್ಲಿ? ನನಗೆ ಖುಷಿ ಕೊಡೋದು ಇದೇ. ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ಉದ್ದನೆ ಕಡ್ಡಿ ತೂರಿಸ್ತಾರಲ್ಲ, ಅದು ನಮ್ಮ ಹಳೇ ಬಾವಿಗಳ ಏತ ಇದ್ದಂಗೆ, ಈ ತುದಿ ಕೆಳಗಿಳಿದ್ರೆ ಆ ತುದಿ ಮೇಲೇಳುತ್ತೆ. ಡಾಕ್ಟ್ರು ಕೈ ಎಡಕ್ಕೆ ಹೋದ್ರೆ ಒಳಗಿನ ತುದಿ ಬಲಕ್ಕೆ, ಜೊತೆಗೆ ಆ ತುದಿಗೆ ಮಣಿಕಟ್ಟು ಬೇರೆ ಇಲ್ಲ. ರೋಬೋಟ್‌ನಲ್ಲಿ ನಡುವೆ ಕಂಪ್ಯೂಟರ್ ಇರೋದ್ರಿಂದ ಕೈ ಎಡಕ್ಕಂದ್ರೆ ತುದೀನೂ ಎಡಕ್ಕೇ, ತುದೀಲಿ ಬಗ್ಗೋ ತಿರುಗೋ ಕೀಲು ಇದೆ, ಕೈ 3 ಸೆಂಟಿಮೀಟರ್ ಆಡಿಸಿದ್ರೆ ತುದಿ 1 ಸೆಂಟಿಮೀಟರ್ ಮಾತ್ರ ಆಡೋ ಹಾಗೆ ಸೆಟ್ ಮಾಡ್ಕೋಬೋದು, ಎಲ್ಲರ ಕೈಯಲ್ಲೂ ಇರೋ ಸಣ್ಣ ನಡುಕಾನ ಸೋಸಿ ಬಿಡುತ್ತೆ. ಕಿರಿದಾದ ಸೊಂಟದ ಗೂಡಿನೊಳಗೆ ಪ್ರಾಸ್ಟೇಟ್ ತೆಗೆದು ಮೂತ್ರನಾಳ ಮತ್ತೆ ಹೊಲಿಯೋವಾಗ ಈ ಕೀಲಿನ ಬೆಲೆ ಗೊತ್ತಾಗೋದು.

ಇದೇನು ನಿನ್ನೆ ಮೊನ್ನೇದಲ್ಲ. 1985ರಲ್ಲೇ ಫ್ಯಾಕ್ಟರಿ ಕೆಲಸಕ್ಕಿದ್ದ ಪ್ಯೂಮಾ 560 ಅನ್ನೋ ತೋಳನ್ನ ಮೆದುಳಿನ ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯೋದು) ಸೂಜಿಗೆ ದಾರಿ ತೋರ್ಸೋಕೆ ಬಳಸಿದ್ರು. 2000ದಲ್ಲಿ ಡಾ ವಿಂಚಿಗೆ ಅಮೆರಿಕದಲ್ಲಿ ಅನುಮತಿ ಸಿಕ್ತು. 2001ರ ಸೆಪ್ಟೆಂಬರ್‌ನಲ್ಲಿ ಜಾಕ್ ಮಾರೆಸ್ಕೋ ಅನ್ನೋ ಸರ್ಜನ್ ನ್ಯೂಯಾರ್ಕ್‌ನಲ್ಲಿ ಕೂತು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಹೆಂಗಸಿನ ಪಿತ್ತಕೋಶ ತೆಗೆದ್ರು, ಸಮುದ್ರದಾಚೆಯಿಂದ! 2018ರಲ್ಲಿ ನಮ್ಮ ದೇಶದವ್ರೇ ಆದ ಹೃದಯದ ಡಾಕ್ಟ್ರು ತೇಜಸ್ ಪಟೇಲ್ ರೋಬೋಟ್ ಮೂಲಕ ಗಾಂಧಿನಗರದಿಂದ ಸುಮಾರು 32 ಕಿಲೋಮೀಟರ್ ದೂರದ ಅಹಮದಾಬಾದ್‌ನಲ್ಲಿದ್ದ ಪೇಷಂಟ್ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ರು. ಕೋಲಾರದಲ್ಲಿ ಮಲಗಿರೋರಿಗೆ ಬೆಂಗ್ಳೂರಿಂದ ಮಾಡೋದು ದೂರದ ಲೆಕ್ಕದಲ್ಲಿ ಏನೇನೂ ಅಲ್ಲ, ಮೆಷಿನ್ ಕೊಳ್ಳೋ ಕೋಟಿಗಳದ್ದೇ ತಾಪತ್ರಯ. ಅದರ ಮೇಲೆ ಒಂದೊಂದು ಉಪಕರಣಕ್ಕೂ ಇಷ್ಟೇ ಸಲ ಅಂತ ಲೆಕ್ಕ, ಅದು ಮುಗಿದ್ರೆ ಮೆಷಿನ್ನು ಅದನ್ನ ಒಪ್ಪಲ್ಲ, ಬಿಲ್ ಏರೋದಕ್ಕೆ ಇದೂ ಒಂದು ಕಾರಣ.

ಗಾಯ ಚಿಕ್ಕದು, ರಕ್ತ ಕಮ್ಮಿ ಹೋಗುತ್ತೆ, ಬೇಗ ಮನೆಗೆ ಕಳಿಸ್ತಾರೆ, ಇದೆಲ್ಲ ನಿಜ. ಆದ್ರೆ ಇದರಲ್ಲಿ ತುಂಬಾ ಮಟ್ಟಿಗೆ ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲೂ ಸಿಗೋದೇ. 2016ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಾಸ್ಟೇಟ್‌ಗೆ ರೋಬೋಟಿಕ್ಕು, ಓಪನ್ನು (ಹೊಟ್ಟೆ ದೊಡ್ಡದಾಗಿ ಕೊಯ್ದು ಮಾಡೋದು) ಎರಡನ್ನೂ ಹೋಲಿಸಿ ನೋಡಿದ್ರೆ, ಮೂರು ತಿಂಗಳಾದ್ಮೇಲೆ ಮೂತ್ರದ ಹಿಡಿತದಲ್ಲಿ ಅಂಥಾ ವ್ಯತ್ಯಾಸ ಕಾಣ್ಲಿಲ್ಲ. ಆಪರೇಷನ್ ದಿನಕ್ಕೆ ರಾಹುಕಾಲ ನೋಡ್ಸೋ ನಮ್ಮ ಜನ "ಸಾರ್, ನೀವು ಇದನ್ನ ಎಷ್ಟು ಕೇಸ್ ಮಾಡಿದೀರ" ಅಂತ ಮಾತ್ರ ಕೇಳಲ್ಲ, ಫಲಿತಾಂಶ ನಿಂತಿರೋದೇ ಅದರ ಮೇಲೆ.

ಗರ್ಭಕೋಶದ ಬಾಯಿ ಕ್ಯಾನ್ಸರ್‌ದು ಇನ್ನೂ ಬೇರೆ ಕತೆ. 2018ರಲ್ಲಿ ಬಂದ ದೊಡ್ಡ ಟ್ರಯಲ್‌ನಲ್ಲಿ, ಲ್ಯಾಪ್ರೋಸ್ಕೋಪಿ ಇಲ್ಲಾಂದ್ರೆ ರೋಬೋಟ್‌ನಲ್ಲಿ ಆಪರೇಷನ್ ಮಾಡಿಸ್ಕೊಂಡೋರಲ್ಲಿ ಕಾಯಿಲೆ ಮರುಕಳಿಸಿದ್ದು, ಸಾವು, ಎರಡೂ ಓಪನ್ ಮಾಡಿಸ್ಕೊಂಡೋರಿಗಿಂತ ಜಾಸ್ತಿ ಇತ್ತು. ಅದಕ್ಕೇ ಆ ಕಾಯಿಲೆಗೆ ಯಾರಾದ್ರೂ ರೋಬೋಟಿಕ್ ಅಂದ್ರೆ, ಓಪನ್ ಯಾಕೆ ಬೇಡ ಅಂತ ಬಾಯ್ಬಿಟ್ಟು ಕೇಳಿ.