ಕುರ್ಚಿಯಿಂದ ಚಾಪೆಗೆ ಇಳಿದ ಪೇಟಿ

ಹಾರ್ಮೋನಿಯಂ ನಮ್ಮದೋ, ಪರದೇಶದ್ದೋ? ಸಂಗೀತದವರು ನಾಲ್ಕು ಜನ ಸೇರಿದರೆ ಈ ಜಗಳ ಏಳುತ್ತದೆ. ಒಬ್ಬರು ಪ್ಯಾರಿಸ್ ಅಂತಾರೆ, ಇನ್ನೊಬ್ಬರು ಕಲ್ಕತ್ತ ಅಂತಾರೆ. ಮಧ್ಯೆ ರೇಡಿಯೊದಲ್ಲಿ ಹಾರ್ಮೋನಿಯಂ ನಿಷೇಧಿಸಿದ ಮಾತು ಬಂತೋ, ಮುಗೀತು. ಈ ಗೋಜಲು ಬಿಡಿಸಲು ದ್ವಾರ್ಕಿನ್ ಅನ್ನೋ ಕಂಪನಿಯ ಕಥೆ ಗೊತ್ತಿರಬೇಕು.

ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೆಯ್ನ್ 1840ರ ದಶಕದ ಆರಂಭದಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಪಾದ್ರಿಗಳು, ಸಾಹೇಬರು ಅದನ್ನು ಇಲ್ಲಿಗೆ ತಂದರು. 1875ರಲ್ಲಿ ದ್ವಾರಕಾನಾಥ ಘೋಷ್ ಕಲ್ಕತ್ತದಲ್ಲಿ ವಾದ್ಯಗಳ ಅಂಗಡಿ ತೆರೆದರು. ಅವರ ಹೆಸರಿಗೆ ಲಂಡನ್ನಿನ ವಾದ್ಯ ತಯಾರಕ ಡಾಕಿನ್ಸ್ ಹೆಸರನ್ನು ಬೆಸೆದು 'ದ್ವಾರ್ಕಿನ್' ಮಾಡಿದ್ದು. ಹೆಸರೇ ಅರ್ಧ ನಮ್ಮದು, ಅರ್ಧ ಅವರದು!

ಅಸಲಿ ಕೆಲಸ ನಡೆದದ್ದು ಪೆಟ್ಟಿಗೆಯ ಒಳಗೆ. ಯುರೋಪಿನ ದೊಡ್ಡ ಹಾರ್ಮೋನಿಯಂ ನುಡಿಸಲು ಕುರ್ಚಿ ಬೇಕು. ಎರಡೂ ಕಾಲು ಗಾಳಿ ತುಂಬುವ ತಿದಿ ಒತ್ತುತ್ತವೆ, ಎರಡೂ ಕೈ ನುಡಿಸುತ್ತವೆ. ಒಂದೇ ಸಲ ಹಲವು ಸ್ವರ ಹಿಡಿಯುವ ಅವರ ಸಂಗೀತಕ್ಕೆ ಅದು ಸರಿ. ನಮ್ಮದು ಒಂದೊಂದೇ ಸ್ವರ ಹಿಡಿದು ಸಾಗುವ ಹಾಡು. ಒಂದು ಕೈ ಸಾಕು, ಅಲ್ವಾ? ಹಾಗಾದರೆ ಇನ್ನೊಂದು ಕೈ ಖಾಲಿ. ಘೋಷ್ ತಿದಿಯನ್ನು ಪೆಟ್ಟಿಗೆಯ ಹಿಂದಕ್ಕೆ ತಂದು ಆ ಕೈಗೆ ಒಪ್ಪಿಸಿದರು. ಕಾಲು ಮಡಿಚಿ ಚಾಪೆಯ ಮೇಲೆ ಕೂತು ನುಡಿಸುವ ಕೈ ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ, ಹೀಗೆ ಬಂತು. ಹಗುರ, ಅಗ್ಗ, ರಿಪೇರಿಯೂ ಸುಲಭ. ಒಂದು ತುದಿ ಬಿಗಿದ ಹಿತ್ತಾಳೆಯ ತೆಳು ಪಟ್ಟಿ, ಅಂದರೆ ರೀಡು, ಗಾಳಿಗೆ ಅದುರಿ ದನಿ ಕೊಡುತ್ತದೆ. ಈ ಮೂಲ ತತ್ವ ಮಾತ್ರ ಆಚೆಯದು. ಆಮೇಲೆ ರೀಡುಗಳೂ ಗುಜರಾತಿನ ಪಾಲಿತಾಣಾದಲ್ಲೇ ತಯಾರಾಗತೊಡಗಿದವು.

ಕೀರ್ತನೆ, ಸಿಖ್ಖರ ಗುರುಬಾನಿ, ನಾಟಕ, ಎಲ್ಲ ಕಡೆಗೂ ಪೇಟಿ ಹೋಯಿತು. ನಮ್ಮ ಕಂಪನಿ ನಾಟಕಗಳು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ಪೇಟಿ ಮಾಸ್ತರರು ಇಲ್ಲದೆ ಪರದೆ ಏಳುತ್ತಲೇ ಇರಲಿಲ್ಲ.

ಆಮೇಲೆ 1940. ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಸ್ಟುಡಿಯೊದಿಂದ ಹೊರಗೆ ಕಳಿಸಿತು. ಮನೆಗಳ (ಒತ್ತುವ ಕೀಲಿಗಳ) ಶ್ರುತಿ ಅಲುಗುವುದಿಲ್ಲ, ಮೀಂಡ್ (ಸ್ವರಗಳ ನಡುವಿನ ಜಾರು) ಬರುವುದಿಲ್ಲ, ಅದು ವಿದೇಶಿ ಅನ್ನೋದು ದೂರು. ಅದೇ ವರ್ಷ ರವೀಂದ್ರನಾಥ ಟಾಗೋರರೂ ಅದನ್ನು ಕೈಬಿಡಿ ಅಂತ ಪತ್ರ ಬರೆದಿದ್ದರು. ಮೊದಲ ಎರಡು ದೂರು ಸುಳ್ಳಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಕೆಲಸ ಪೇಟಿಗೆ ಆಗದು. ಆದರೆ ವಿದೇಶಿ ಅಂದರೆ ಪಿಟೀಲು ಏನು? ಅದಕ್ಕೆ ಯಾರೂ ಬಾಗಿಲು ಹಾಕಲಿಲ್ಲ. ಬೆಳಗಾವಿಯ ರಾಂಭಾವು ಬಿಜಾಪುರೆ ಅವರಂಥವರ ಕೈಯಲ್ಲಿ ಪೇಟಿ ಕೇಳಿದವರಿಗೆ ಆ ದೂರುಗಳು ಸ್ವಲ್ಪ ಜಾಸ್ತಿ ಆಯಿತು ಅನಿಸಬಹುದು.

1971ರಲ್ಲಿ ನಿಷೇಧ ಸಡಿಲವಾಯಿತು, ಪೂರ್ತಿ ಅಲ್ಲ. ಮೂವತ್ತೊಂದು ವರ್ಷ ರೇಡಿಯೊದಲ್ಲಿ ಹಿಂದೂಸ್ತಾನಿ ಹಾಡಿಗೆ ಹೆಚ್ಚಾಗಿ ಸಾರಂಗಿ ಜೊತೆ ಕೊಟ್ಟಿತು. ರೇಡಿಯೊ ಆಫ್ ಮಾಡಿದರೆ ಪಕ್ಕದ ಮನೆಯಲ್ಲಿ ಮಕ್ಕಳ ಸರಿಗಮಕ್ಕೆ ಪೇಟಿಯೇ ಕೇಳಿಸುತ್ತಿತ್ತು.