ಘಾಜಿಯನ್ನು ಮುಳುಗಿಸಿದ್ದು ವೈಜಾಗ್ ಬೀಚಿನ ಸಬ್‌ಮರೀನ್ ಅಲ್ವಾ?

ಪ್ರಶ್ನೆ: ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರ ತಾನೇ 1971ರ ಯುದ್ಧದಲ್ಲಿ ಪಾಕಿಸ್ತಾನದ ಸಬ್‌ಮರೀನ್ ಘಾಜಿಯನ್ನು ಹೊಡೆದಿದ್ದು?

ಉತ್ತರ: ಅಲ್ಲ. ವೈಜಾಗಿಗೆ ಹೋಗಿ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ, ಮಕ್ಕಳಿಗೆ ಹಾಗೇ ಹೇಳಿಬಿಡುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕುರ್ಸುರ ನಿಜವಾದ ಸಬ್‌ಮರೀನೇ. ಸೋವಿಯತ್ ನಿರ್ಮಿತ, 91 ಮೀಟರ್ ಉದ್ದ. 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಮ್ಯೂಸಿಯಂ ಆಯಿತು. 1971ರ ಯುದ್ಧದಲ್ಲೂ ಅದರ ಪಾಲಿದೆ. ಆದರೆ ಅದು ಗಸ್ತು ತಿರುಗಿದ್ದು ಅರಬ್ಬೀ ಸಮುದ್ರದಲ್ಲಿ. ಘಾಜಿ ಮುಳುಗಿದ್ದು ಬಂಗಾಳ ಕೊಲ್ಲಿಯಲ್ಲಿ, ವೈಜಾಗ್ ಬಂದರಿನ ಹೊರಗೆ. ಮಧ್ಯೆ ಇಡೀ ದೇಶವೇ ಇದೆ!

ಹಾಗಾದರೆ ಹೊಡೆದವರು ಯಾರು? ನಮ್ಮ ನೌಕಾಪಡೆಯ ಪ್ರಕಾರ ಐಎನ್‌ಎಸ್ ರಜಪೂತ್. ಅದು ಸಬ್‌ಮರೀನ್ ಅಲ್ಲ, ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಡೆಸ್ಟ್ರಾಯರ್, ಅಂದರೆ ನೀರಿನ ಮೇಲೆ ಓಡುವ ಯುದ್ಧನೌಕೆ. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಬಂದರಿನಿಂದ ಹೊರಟು, ಅನುಮಾನ ಬಂದ ಕಡೆ ಡೆಪ್ತ್ ಚಾರ್ಜ್ ಎಸೆಯಿತು. ಡೆಪ್ತ್ ಚಾರ್ಜ್ ಅಂದರೆ ಮೇಲಿನ ಹಡಗು ನೀರಿಗೆ ಬಿಡುವ ಬಾಂಬು. ಪಾಕಿಸ್ತಾನ ಇದನ್ನು ಒಪ್ಪುವುದಿಲ್ಲ, ಘಾಜಿ ತಾನೇ ನೀರಿನಲ್ಲಿ ಇಟ್ಟ ಮೈನ್ (ಹಡಗು ಉಡಾಯಿಸುವ ಸ್ಫೋಟಕ) ಸಿಡಿದು ಮುಳುಗಿತು ಅನ್ನುತ್ತದೆ. ಒಳಗಿದ್ದ 93 ಜನರಲ್ಲಿ ಒಬ್ಬರೂ ಉಳಿಯಲಿಲ್ಲ, ಹಾಗಾಗಿ ವಾದ ಇನ್ನೂ ಮುಗಿದಿಲ್ಲ. ಆದರೆ ಗಮನಿಸಿ, ಎರಡೂ ಕಡೆಯ ಕಥೆಯಲ್ಲಿ ಕುರ್ಸುರದ ಹೆಸರೇ ಇಲ್ಲ.

ತಪ್ಪು ಹುಟ್ಟಿದ್ದು ಹೇಗೆ ಅಂತ ಗೊತ್ತು. ನೀರಿನಡಿ ಎರಡು ಸಬ್‌ಮರೀನುಗಳು ಕಾದಾಡುವ ಸಿನಿಮಾ ನೋಡಿರುತ್ತೀರಿ. ಅದೇ ಊರಿನ ಬೀಚಿನಲ್ಲಿ ಒಂದು ಸಬ್‌ಮರೀನ್ ಕಾಣುತ್ತದೆ. ಬಗ್ಗಿಕೊಂಡು ಒಳಗೆ ಹೋದರೆ, ಆ ದುಂಡು ಬಾಗಿಲುಗಳನ್ನು ಕಾಲೆತ್ತಿ ದಾಟಿದರೆ, ಮುಂದುಗಡೆಯ ಆರು ಟಾರ್ಪಿಡೊ ಕೊಳವೆಗಳ ಎದುರು ನಿಂತರೆ, ಇದೇ ಹೊಡೆದಿರಬೇಕು ಅನ್ನಿಸುವುದು ಸಹಜ. ಅನ್ನಿಸಲಿ, ಬೇಡ ಅನ್ನುವುದಿಲ್ಲ. ಮಕ್ಕಳಿಗೆ ಮಾತ್ರ ಹಾಗೆ ಹೇಳಬೇಡಿ.

ನನಗೆ ಜಾಸ್ತಿ ಇಷ್ಟ ಬೇರೆ ಭಾಗ. ಘಾಜಿ ಬಂದದ್ದು ವಿಮಾನವಾಹಕ ನೌಕೆ ವಿಕ್ರಾಂತ್‌ನ ಬೇಟೆಗೆ. ವಿಕ್ರಾಂತ್ ಆಗಲೇ ಅಂಡಮಾನ್ ಕಡೆ ಅಡಗಿತ್ತು. ಅದು ವೈಜಾಗಿನಲ್ಲೇ ಇದೆ ಅಂತ ನಂಬಿಸಲು ಅದರ ಹೆಸರಿನಲ್ಲಿ ರಜಪೂತ್ ಸುಳ್ಳು ಸಂದೇಶ ಕಳಿಸುತ್ತಿತ್ತು. ದಡದಲ್ಲಿ ವಿಕ್ರಾಂತ್‌ಗೆ ಬೇಕಾಗುವಷ್ಟು ರೇಷನ್‌ಗೆ ಆರ್ಡರ್ ಕೊಟ್ಟರು. ತಾಯಿಗೆ ಹುಷಾರಿಲ್ಲ, ಹೇಗಿದ್ದಾರೆ ಅಂತ ವಿಕ್ರಾಂತ್‌ನ ನಾವಿಕನೊಬ್ಬ ಕೇಳಿದ ಹಾಗೆ ಒಂದು ತಂತಿಯೂ ಹೋಯಿತು. ಇಂಥದ್ದೆಲ್ಲ ಯೋಚಿಸಿದವರ ತಲೆಗೆ ಸಲಾಂ.

ಆ ರಜಪೂತ್ ಈಗ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. 1976ರಲ್ಲೇ ಗುಜರಿಗೆ ಹೋಯಿತು. ವಿಕ್ರಾಂತ್ ಮುಂಬೈಯಲ್ಲಿ ಕೆಲ ವರ್ಷ ಮ್ಯೂಸಿಯಂ ಆಗಿತ್ತು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜಾಗಿ ಅದನ್ನೂ ಒಡೆದರು. ಆ ಲೋಹದಲ್ಲಿ ಒಂದಿಷ್ಟನ್ನು ಬಜಾಜ್ ಕಂಪನಿ ಕೊಂಡು 'ವಿ' ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಳಸಿತು. ಈಗ ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗೆ ಸೇರಿಸಿದ ವಿಕ್ರಾಂತ್ ಹೊಸ ಹಡಗು, ಹೆಸರು ಮಾತ್ರ ಹಳೆಯದು.